ನಲವತ್ತನೆಯ ಪ್ರಶ್ನೆ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಸಣ್ಣಗೆ ಮೈ ಉರಿಯುತ್ತದೆ. ಕೇಳಿದವರ ತಪ್ಪೇನೂ ಇಲ್ಲ. ಉತ್ತರ ಹೇಳಿದ ಮೇಲೆ ಅವರ ಮುಖ ಹೇಗಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಈ ಉರಿ. ‘ಔದ್ಯೋಗಿಕ ಮನಶ್ಶಾಸ್ತ್ರ’ ಅನ್ನುತ್ತೇನೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಾದರೆ ಪಕ್ಕದಲ್ಲಿ ಕೂತ ಹೆಂಗಸು ಮೆಲ್ಲಗೆ ಅರ್ಧ ಮೊಳ ದೂರ ಸರಿಯುತ್ತಾಳೆ. ಮದುವೆ ಮನೆಯಲ್ಲಾದರೆ ಯಾರಾದರೊಬ್ಬರು ನನ್ನನ್ನು ಕೈ ಹಿಡಿದು ಮೂಲೆಗೆ ಎಳೆದೊಯ್ದು, ತಮ್ಮ ನಾದಿನಿಗೆ ನಿದ್ದೆಯೇ ಬರುವುದಿಲ್ಲ, ಒಂದು ಮಾತ್ರೆ ಬರೆದುಕೊಡಿ ಅನ್ನುತ್ತಾರೆ. ಅಲ್ಲ ಕಣ್ರೀ, ನಾನು ಡಾಕ್ಟರಲ್ಲ, ಮಾತ್ರೆ ಬರೆಯುವ ಹಾಗಿಲ್ಲ. ಯಾವ ಕೆಲಸಕ್ಕೆ ಯಾರು ಹೊಂದುತ್ತಾರೆ, ಕೆಲಸದಲ್ಲಿ ಯಾಕೆ ದಣಿಯುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ, ಅದನ್ನು ನೋಡುವ ವಿದ್ಯೆ ನನ್ನದು ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ.

ನನ್ನ ತವರು ಈಸೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ಕುರಿ ಸಾಕುತ್ತಾರೆ, ಸ್ವಲ್ಪ ಜಮೀನೂ ಇದೆ. ಡಿಗ್ರಿ ಮುಗಿಸಿ ನಾನು ಮನಶ್ಶಾಸ್ತ್ರದಲ್ಲಿ ಎಂ.ಎ.ಗೆ ಹೊರಟಾಗ ಅಪ್ಪ, “ಅದನ್ನ ಓದಿ ಏನ್ ಮಾಡ್ತೀಯವ್ವ?” ಎಂದು ಕೇಳಿದ್ದರು. ಕೆಲಸ ಮಾಡುವವರ ಮನಸ್ಸು ತಿಳಿದುಕೊಳ್ಳುವುದು ಎಂದೆ. “ಅದಕ್ಕೆ ಎಲ್ಡು ವರ್ಷ ಓದ್ಬೇಕಾ? ಒಂದಿನ ಅವರ ಸಂಗಾಟ ಕುರಿ ಹಿಂದೆ ನಡದ್ರೆ ಸಾಕಲ್ಲೇ” ಅಂದರು. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. “ನಿನಗೇನು ಗೊತ್ತಾಗುತ್ತೆ ಸುಮ್ನಿರಪ್ಪ” ಎಂದು ಚೀಲ ಹೆಗಲಿಗೇರಿಸಿ ಹೊರಟೆ. ಎಂ.ಎ. ಆದ ಮೇಲೆ ಇನ್ನೊಂದು ವರ್ಷ ಉದ್ಯೋಗದ ವಿಷಯವನ್ನೇ ಬೇರೆಯಾಗಿ ಓದಿದೆ. ಆಮೇಲೆ ಆರು ವರ್ಷ ಬೆಂಗಳೂರಿನ ಒಂದು ಸಂಸ್ಥೆಯ ಗಾಜಿನ ಕೋಣೆಯಲ್ಲಿ ಕೂತು, ಕೆಲಸ ಕೇಳಿಕೊಂಡು ಬಂದವರಿಗೆ ಪರೀಕ್ಷೆ ಕೊಟ್ಟು, ಇವರು ಆಗುತ್ತಾರೆ, ಇವರು ಆಗುವುದಿಲ್ಲ ಎಂದು ಬರೆದುಕೊಟ್ಟೆ. ಆ ಕೆಲಸ ನನಗೆ ತುಂಬಾ ಹಿಡಿಸಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಗಂಡ ಹೈಸ್ಕೂಲು ಮಾಸ್ತರರು. ಅವರಿಗೆ ಸೊರಬಕ್ಕೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಬಂದೆ. ಅಲ್ಲಿ ನಿನ್ನ ವಿದ್ಯೆ ಯಾರಿಗೆ ಬೇಕು ಎಂದು ಗೆಳತಿಯರು ನಕ್ಕಿದ್ದರು. ಹಠಕ್ಕೆ ಬಿದ್ದು ಊರೂರು ತಿರುಗಿದೆ. ಒಬ್ಬ ಅಕ್ಕಿ ಗಿರಣಿ ಮಾಲೀಕರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಚಹಾ ಕುಡಿಸಿ, “ನಮ್ಮ ಹಮಾಲರಿಗೆ ಮನಸ್ಸಿನ ತೊಂದ್ರೆ ಏನಿಲ್ರೀ, ಬೆನ್ನಿಂದು ಐತಿ” ಎಂದು ಕಳಿಸಿಕೊಟ್ಟರು. ಒಂದು ಖಾಸಗಿ ಶಾಲೆ ಟೀಚರುಗಳ ಆಯ್ಕೆಗೆ ಕರೆಯಿತು. ಹೀಗೆ ಕುಂಟುತ್ತಾ ನಡೆಯುತ್ತಿದ್ದಾಗ ಶಿಕಾರಿಪುರದ ಹೊರಗಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಿಂದ ಫೋನು ಬಂತು.

ಫೋನು ಮಾಡಿದವರು ಅಲ್ಲಿಯ ಮ್ಯಾನೇಜರು. ದಾವಣಗೆರೆ ಕಡೆಯವರು, ಮಾತಿಗೊಂದು ‘ರೀ’. ಹೆಂಗಸರು ಕೆಲಸ ಕಲಿತು ಕೈ ಪಳಗುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ, ಯಾಕೆ ಎಂದು ನೋಡಿಕೊಡಿ ಎಂದರು. ಮೊದಲು ಒಂದು ಲೈನಿನಲ್ಲಿ ಪ್ರಯತ್ನ ಮಾಡಿ. ಚೆನ್ನಾಗಿ ಬಂದರೆ ಉಳಿದ ಲೈನುಗಳೂ, ಕಂಪನಿಯ ಬೇರೆ ಊರಿನ ಫ್ಯಾಕ್ಟರಿಗಳೂ ನಿಮಗೇ ಎಂದರು. ಲೈನು ಎಂದರೆ ಸಾಲಾಗಿ ಇಟ್ಟ ಹೊಲಿಗೆ ಮೆಷಿನ್‌ಗಳು. ಕತ್ತರಿಸಿದ ಬಟ್ಟೆ ಕಟ್ಟುಕಟ್ಟಾಗಿ ಈ ತುದಿಗೆ ಬರುತ್ತದೆ. ಒಬ್ಬಳು ಬರೀ ಜೇಬು ಹೊಲಿಯುತ್ತಾಳೆ, ಮುಂದಿನವಳು ಬರೀ ತೋಳು, ಅದರ ಮುಂದಿನವಳು ಕಾಜ. ಆ ತುದಿ ತಲುಪುವ ಹೊತ್ತಿಗೆ ಶರ್ಟು ಆಗಿರುತ್ತದೆ. ನನಗೆ ಕೊಟ್ಟ ಲೈನಿನಲ್ಲಿ ಮೂವತ್ತಾರು ಹೆಂಗಸರಿದ್ದರು.

ಆ ಲೈನಿನ ಸೂಪರ್‌ವೈಸರ್ ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಯಾರು ಎಂಬುದನ್ನು ಮ್ಯಾನೇಜರು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಲೈನಿನ ತಲೆಯಲ್ಲಿ ಕೂತು ಕಟ್ಟು ಬಿಚ್ಚಿ ಹಂಚುತ್ತಿದ್ದ, ನಡುನಡುವೆ ಕಾಲರ್ ಕೂರಿಸುವ ಕಷ್ಟದ ಕೆಲಸಕ್ಕೂ ಕೈ ಹಾಕುತ್ತಿದ್ದ ಹೆಂಗಸು. ನಲವತ್ತು ದಾಟಿದವಳು, ಹತ್ತು ವರ್ಷದ ಸರ್ವಿಸು. “ಎಲ್ಲಾರೂ ಅಕಿ ಮಾತು ಕೇಳ್ತಾರ್ರೀ. ಮುಂದಿನ ತಿಂಗಳಿಂದ ನೀನೇ ಅಂತ ಹೇಳೀನಿ. ನೀವೂ ಒಂದ್ ಸಲ ನೋಡ್ರಿ” ಎಂದರು.

ಆಕೆ ಸೊರಬದ ಆಚೆ ಜಡೆ ಎಂಬ ಊರಿನ ಕಡೆಯ ಹಳ್ಳಿಯವಳು. ಸೊರಬಕ್ಕೆ ಒಂದು ಬಸ್ಸು, ಅಲ್ಲಿಂದ ಶಿಕಾರಿಪುರಕ್ಕೆ ಇನ್ನೊಂದು. ನಾನೂ ಸೊರಬದಿಂದಲೇ ಬರುವವಳು ಎಂದು ಗೊತ್ತಾದ ದಿನ, “ಹಂಗಾರೆ ಒಂದೇ ಬಸ್ಸಲ್ದಾ ಮಾರಾಯ್ರೆ, ಮೊದ್ಲೇ ಹೇಳದಲ್ವಾ!” ಎಂದು ಬೈದೇಬಿಟ್ಟಳು. ಮರುದಿನದಿಂದ ತನ್ನ ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು ನನಗಾಗಿ ಜಾಗ ಹಿಡಿಯತೊಡಗಿದಳು. ನಾನು ಹತ್ತಿದ ಕೂಡಲೇ ಚೀಲ ಮಡಿಲಿಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಮಾತು. ಸೂಪರ್‌ವೈಸರ್ ಆಗುವ ವಿಷಯ ಬಂದರೆ ಮುಖ ಅರಳುತ್ತಿತ್ತು. ಯಾಕಷ್ಟು ಆಸೆ ಎಂದು ಕೇಳಿದ್ದೆ.

“ಹತ್ತು ವರ್ಷ ಕೂತು ಕೂತು ಸೊಂಟ ಬಿದ್ದು ಹೋಗ್ಯದೆ ಮೇಡಂ. ಕೂರೋ ಕೆಲ್ಸ ಬಿಡು ಅಂತಾರೆ ಡಾಕ್ಟ್ರು. ಬಿಟ್ಟು ಎಂತ ಮಾಡದು? ಸೂಪರ್‌ವೈಸರ್ ಆದ್ರೆ ಓಡಾಡ್ಕಂಡು ಇರಬಹುದಲ್ದಾ. ಅದಿಲ್ದಿದ್ರೆ ಈ ವರ್ಷವೇ ಕಡೆ” ಅಂದಳು.

ನೋಡಿ, ಜನ ಯಾಕೆ ಬಿಟ್ಟು ಹೋಗುತ್ತಾರೆ ಎಂಬುದಕ್ಕೆ ಒಂದು ಉತ್ತರ ಬಸ್ಸಿನಲ್ಲೇ, ನನ್ನ ಪಕ್ಕದಲ್ಲೇ ಕೂತಿತ್ತು. ಆದರೆ ಬಸ್ಸಿನಲ್ಲಿ ಸಿಕ್ಕ ಮಾತು ನನ್ನ ಲೆಕ್ಕದಲ್ಲಿ ಮಾಹಿತಿ ಅಲ್ಲ. ಮಾಹಿತಿ ಎಂದರೆ ಪ್ರಶ್ನಾವಳಿ.

ನಲವತ್ತು ಪ್ರಶ್ನೆಗಳು. ಮೂರು ವಾರ ಕೂತು ಕನ್ನಡಕ್ಕೆ ಇಳಿಸಿದ್ದೆ. ಕೆಲಸದ ವೇಳೆ ನನಗೆ ತಲೆನೋವು ಬರುತ್ತದೆ. ಮನೆಯ ಚಿಂತೆ ಕೆಲಸದಲ್ಲೂ ಕಾಡುತ್ತದೆ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಹೀಗೆ ಒಂದೊಂದು ವಾಕ್ಯ. ಅದರ ಮುಂದೆ ಐದು ಚೌಕ, ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ. ಇಂಥದ್ದನ್ನು ಹೇಗೆ ಕೊಡಬೇಕು ಎಂಬುದು ನಮ್ಮ ವಿದ್ಯೆಯಲ್ಲಿ ಮೊದಲ ಪಾಠ. ಒಬ್ಬೊಬ್ಬರನ್ನೂ ದೂರ ದೂರ ಕೂರಿಸಬೇಕು. ನಿಮ್ಮ ಉತ್ತರ ನೀವೇ ಹಾಕಬೇಕು, ಪಕ್ಕದವರನ್ನು ಕೇಳಬಾರದು ಎಂದು ಬಿಡಿಸಿ ಹೇಳಬೇಕು. ಮ್ಯಾನೇಜರು ಮೆಷಿನ್ ನಿಲ್ಲಿಸುವುದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಒಪ್ಪಲಿಲ್ಲ. ಅಷ್ಟು ಸಾಲದು ಎಂದು ಅಲ್ಲೇ ಜಗಳ ತೆಗೆಯಬೇಕಿತ್ತು. ಬೇಡದ ಕಡೆಯೆಲ್ಲ ಜಗಳ ತೆಗೆಯುವ ನಾನು ಅವತ್ತು ತೆಗೆಯಲಿಲ್ಲ. ಮುಂದಿನ ಫ್ಯಾಕ್ಟರಿಗಳ ಆಸೆ ಇತ್ತಲ್ಲ!

ಮೂವತ್ತಾರು ಹಾಳೆಗಳ ಕಟ್ಟನ್ನು ಒಂದು ದಾರದಿಂದ ಕಟ್ಟಿ ತಂದಿದ್ದೆ. ಲೈನಿನ ತಲೆಯಲ್ಲಿದ್ದ ಆಕೆಯ ಕೈಗೇ ಅದನ್ನು ಕೊಟ್ಟು, “ಇದನ್ನ ಬಿಚ್ಚಿ ಲೈನಿಗೆ ಕಳಿಸಿ. ಹೆಸರು ಬರೆಯೋದು ಬೇಡ. ಹತ್ತು ನಿಮಿಷದಲ್ಲಿ ಮುಗಿಸಿಕೊಡಿ” ಎಂದೆ. ಇಷ್ಟೇ ನಾನು ಹೇಳಿದ್ದು, ಒಂದಕ್ಷರ ಹೆಚ್ಚಿಲ್ಲ. ಹೇಳಿ ಮ್ಯಾನೇಜರ ಕೋಣೆಗೆ ಚಹಾ ಕುಡಿಯಲು ಹೋದೆ. ಅಲ್ಲಿಗೂ ಆಕೆ ಜೋರಾಗಿ ಪ್ರಶ್ನೆ ಓದುತ್ತಿದ್ದದ್ದು, ನಡುವೆ ಹೆಂಗಸರು ಗೊಳ್ಳೆಂದು ನಗುತ್ತಿದ್ದದ್ದು ಕೇಳುತ್ತಿತ್ತು. ಓದಲು ಬಾರದವರಿಗೆ ಓದಿ ಹೇಳುತ್ತಿದ್ದಾಳೆ, ಒಳ್ಳೆಯದೇ ಆಯಿತು ಅಂದುಕೊಂಡೆ. ವಾಪಸು ಬರುವಷ್ಟರಲ್ಲಿ ಕಟ್ಟು ಮತ್ತೆ ದಾರ ಬಿಗಿದುಕೊಂಡು, ನಾಲ್ಕೂ ಅಂಚು ಸಮವಾಗಿ ಕೂತು ನನಗಾಗಿ ಕಾಯುತ್ತಿತ್ತು.

ಸೊರಬದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಹಾಳೆ ದಾಖಲು ಮಾಡತೊಡಗಿದೆ. ಮೂರನೆಯ ಹಾಳೆಯ ಹೊತ್ತಿಗೆ ಏನೋ ಕಸಿವಿಸಿ. ಏಳನೆಯದು ನೋಡಿ ಮೊದಲನೆಯದನ್ನು ಮತ್ತೆ ತೆಗೆದೆ. ಥೂ! ಒಂದು ಚೌಕವೂ ಹೆಚ್ಚುಕಡಿಮೆಯಿಲ್ಲ. ಸರಸರನೆ ಉಳಿದದ್ದನ್ನೆಲ್ಲ ತಿರುವಿದೆ. ಮೂವತ್ತಾರೂ ಹಾಳೆಗಳಲ್ಲಿ ನಲವತ್ತೂ ಉತ್ತರ ಒಂದೇ. ಮೂರು ವಾರದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಮ್ಯಾನೇಜರಿಗೆ ಫೋನು ಮಾಡಿ ಕೂಗಾಡಿದೆ.

“ಅಕಿನೇ ಓದಿ ಓದಿ ಹೇಳ್ತಿದ್ಳಂತ್ರೀ. ಹೋದ ತಿಂಗಳೂ ಫ್ಯಾನ್ ಹಾಕಿಸ್ರಿ ಅಂತ ಲೈನ್ ಪೂರಾ ಕರ್ಕೊಂಡ್ ಬಂದಿದ್ಳು. ಈಗ ಹಿಂಗ. ನೀವು ಬರದ್ ಕಳಸ್ರಿ, ನಾ ನೋಡ್ಕೋತೀನಿ” ಎಂದರು.

ಬರೆದೆ. ಸಂಜೆಯೊಳಗೆ ಬರೆದು ಕಳಿಸಿಯೇಬಿಟ್ಟೆ. ‘ಈ ಲೈನಿನ ಉತ್ತರಗಳನ್ನು ಒಬ್ಬ ವ್ಯಕ್ತಿ ನಿರ್ದೇಶಿಸಿರುವುದು ಸ್ಪಷ್ಟ. ಸಹೋದ್ಯೋಗಿಗಳ ಮೇಲೆ ಇಂತಹ ಹಿಡಿತ ಇಟ್ಟುಕೊಂಡಿರುವವರನ್ನು ಮೇಲ್ವಿಚಾರಣೆಯ ಸ್ಥಾನಕ್ಕೆ ಪರಿಗಣಿಸುವುದು ಸೂಕ್ತವಲ್ಲ.’ ಕೆಳಗೆ ನನ್ನ ಸಹಿ, ಪದವಿ. ಆ ಎರಡು ವಾಕ್ಯ ಬರೆದಾಗ ನನಗೆ ಬಹಳ ಸಮಾಧಾನವಾಗಿತ್ತು. ಎರಡು ಸಲ ಓದಿಕೊಂಡೆ ಕೂಡ.

ಅದಾಗಿ ನಾಲ್ಕು ದಿನ ನಾನು ಫ್ಯಾಕ್ಟರಿ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹೋದಾಗ ಲೈನಿನ ತಲೆಯಲ್ಲಿ ಬೇರೆ ಯಾರೋ ಕೂತಿದ್ದರು. ಆಕೆ ಕಟ್ಟಡದ ಕೊನೆಯಲ್ಲಿ, ಹೊಲಿದು ಮುಗಿದ ಶರ್ಟಿನ ನೂಲಿನ ಎಳೆ ಕತ್ತರಿಸುವ ಮೇಜಿನ ಹತ್ತಿರ ಇದ್ದಳು. ಹೊಸದಾಗಿ ಸೇರಿದವರಿಗೆ, ಮೆಷಿನ್ ತುಳಿಯಲು ಬಾರದವರಿಗೆ ಕೊಡುವ ಕೆಲಸ ಅದು. ಬೆನ್ನಿಗೆ ಆಸರೆಯಿಲ್ಲದ ಗಿಡ್ಡ ಸ್ಟೂಲು. ಅದರ ಮೇಲೆ ಬಗ್ಗಿ ಕೂತಿದ್ದವಳು ನನ್ನನ್ನು ನೋಡಿ ಎಂದಿನಂತೆಯೇ, “ಬಂದ್ರಾ ಮೇಡಂ? ನಾಕು ದಿನ ಸೀಟು ಹಿಡಿದಿದ್ದೆ, ನೀವು ಬರ್ಲೇ ಇಲ್ಲ” ಅಂದಳು.

ಅಂದರೆ ಆಕೆಗೆ ವರದಿಯ ವಿಷಯ ಗೊತ್ತೇ ಇರಲಿಲ್ಲ.

“ಎಂತಕ್ಕೋ ಸಾಹೇಬ್ರಿಗೆ ಸಿಟ್ಟು ಬಂದದೆ. ಸೂಪರ್‌ವೈಸರ್ ಮಾಡಲ್ಲ ಅಂದ್ರು, ಇಲ್ಲಿ ತಂದು ಕೂರ್ಸಿದ್ರು. ಕಾರಣ ಹೇಳ್ಲಿಲ್ಲ. ನೀವೊಂದು ಮಾತು ಹೇಳಿ ನೋಡಿ ಮೇಡಂ. ನಿಮ್ಮ ಮಾತು ಕೇಳ್ತಾರೆ ಅವ್ರು.”

ನನಗೆ ಆಗ ಪಾಪ ಅನ್ನಿಸಲಿಲ್ಲ. ಮಾಡುವುದನ್ನೆಲ್ಲ ಮಾಡಿ ಈಗ ನನ್ನ ಹತ್ತಿರವೇ ನಾಟಕವೇ ಎಂದು ರೇಗಿಹೋಯಿತು. “ಅವತ್ತು ಆ ಹಾಳೆ ತುಂಬಿಸಿದ್ದು ನೀವೇ ಅಲ್ವಾ?” ಎಂದೆ.

“ಹೌದಲ್ಲ!” ಎಂದು ಬೆನ್ನು ನೆಟ್ಟಗೆ ಮಾಡಿ ಕೂತಳು. “ಹತ್ತು ನಿಮಿಷ ಅಂದಿದ್ರಿ. ಎಂಟಕ್ಕೇ ಮುಗಿಸಿಕೊಟ್ವಿ.”

ಎಲಾ ಇವಳ ಧೈರ್ಯವೇ! ತಿರುಗಿ ಹೊರಟುಬಂದೆ. ಸಂಜೆ ಬೇಕೆಂದೇ ತಡವಾದ ಬಸ್ಸಿಗೆ ಹೋದೆ.

ಆ ಭಾನುವಾರ ತವರಿಗೆ ಹೋಗಿದ್ದೆ. ಹಾಳೆಗಳ ಕಟ್ಟು ಚೀಲದಲ್ಲೇ ಇತ್ತು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಮದುವೆಗೆ ಮೊದಲು ಎರಡು ವರ್ಷ ಇನ್ನೊಂದು ಊರಿನ ಗಾರ್ಮೆಂಟಿನಲ್ಲಿ ಕೆಲಸ ಮಾಡಿದವರು. ಈಗ ಮನೆಯಲ್ಲೇ ಊರಿನವರ ರವಿಕೆ ಹೊಲಿಯುತ್ತಾರೆ. ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಾಗ ನಾನು ನನ್ನ ಗೋಳು ತೆಗೆದೆ. ಹೀಗೆ ಮೋಸ ಮಾಡಿದರು, ಒಬ್ಬಳೇ ಕೂತು ಎಲ್ಲ ತುಂಬಿದಳೋ, ಹೇಳಿ ತುಂಬಿಸಿದಳೋ, ನೋಡಿ ಬೇಕಾದರೆ ಎಂದು ಹಾಳೆಗಳನ್ನು ಅವರ ಮುಂದೆ ಹರಡಿದೆ.

ಅತ್ತಿಗೆ ಸೂಜಿಯನ್ನು ರವಿಕೆಗೆ ಸಿಕ್ಕಿಸಿ ನಾಲ್ಕು ಹಾಳೆ ಪಕ್ಕಪಕ್ಕ ಇಟ್ಟುಕೊಂಡರು. ಹೊಲಿಗೆ ನೋಡುವ ಹಾಗೆಯೇ ಹತ್ತಿರ ಬಗ್ಗಿ ನೋಡಿದರು. “ಒಬ್ರು ತುಂಬಿಲ್ಲ ಇದನ್ನ” ಅಂದರು.

“ಮತ್ತೆ?”

“ಈ ಮೂರನೇದು ನೋಡು. ನಾಕರಾಗೂ ಗೀಟು ಎಡಕ್ಕೆ ವಾಲೈತಿ. ಈ ಹನ್ನೊಂದನೇದು ಎಲ್ಲದ್ರಾಗೂ ಚೌಕದಿಂದ ಹೊರಗ್ ಬಂದೈತಿ. ಇದು ನೋಡು, ಒತ್ತಿ ಒತ್ತಿ ಹಾಕ್ಯಾಳೆ, ಹಾಳಿ ಹಿಂದಕ್ಕೂ ಮೂಡೈತಿ. ಒಂದ್ ಪ್ರಶ್ನಿಗೆ ಒಂದ್ ಕೈ.” ತಲೆಯೆತ್ತಿ, “ನೀ ಹೆಂಗ್ ಕೊಟ್ಟಿದ್ದಿ?” ಎಂದು ಕೇಳಿದರು.

“ಲೈನಿನ ತಲೆಯಲ್ಲಿ ಇರೋರಿಗೆ ಕಟ್ಟು ಕೊಟ್ಟು, ಬಿಚ್ಚಿ ಕಳಿಸಿ ಅಂದೆ.”

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಆತಲ್ಲ ಮತ್ತೆ! ಕಟ್ಟು ಕೊಟ್ಟಿದ್ದಿ, ಕಟ್ಟು ಹೊಲ್ದು ಕಳ್ಸ್ಯಾರೆ. ಜೇಬಿನವ್ಳು ಜೇಬು, ಕಾಜದವ್ಳು ಕಾಜ. ಲೈನಿನಾಗೆ ಒಬ್ಳೇ ಕುಂತು ಪೂರಾ ಅಂಗಿ ಹೊಲಿತಾಳೇನೇ?”

ನಾನು ನಗಲಿಲ್ಲ. ಮೂವತ್ತಾರು ಹಾಳೆಗಳನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಅತ್ತಿಗೆ ಹೇಳಿದ್ದೇ ಸರಿ. ಒಂದೊಂದು ಪ್ರಶ್ನೆಯೂ ಒಬ್ಬೊಬ್ಬಳ ಕೈ ದಾಟಿ ಮುಂದೆ ಹೋಗಿತ್ತು. ಯಾರೂ ಮೋಸ ಮಾಡಿರಲಿಲ್ಲ. ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ರೀತಿಯಲ್ಲಿ, ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ನನ್ನ ಕೆಲಸ ಮಾಡಿಕೊಟ್ಟಿದ್ದರು. ಎಂಟಕ್ಕೇ ಮುಗಿಸಿಕೊಟ್ವಿ ಎಂದು ಆಕೆ ಬೆನ್ನು ನೆಟ್ಟಗೆ ಮಾಡಿದ್ದು ನೆನಪಾಗಿ ಅಳು ಬಂತು.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಚೀಲ ಸೀಟಿನ ಮೇಲೆ ಇತ್ತು. ಅದನ್ನು ಮಡಿಲಿಗೆ ತೆಗೆದುಕೊಂಡು ನನಗೆ ಜಾಗ ಬಿಟ್ಟಳು. ಅವತ್ತು ಹಾಳೆ ತುಂಬಿದ್ದು ಹೇಗೆ ಎಂದು ಕೇಳಿದೆ. ಆಕೆಗೆ ಉತ್ಸಾಹ.

“ನಾನು ಓದ್ತಾ ಹೋದೆ, ಇದು ಯಾರ್ದು ಅಂತ ಅವ್ರೇ ಹೇಳಿದ್ರು. ತಲೆನೋವಿಂದು ಬಂತಲ್ಲ, ಅದು ಕಾಜದವಳದ್ದೇ, ದಿನಾ ಹಣೆಗೆ ಬಟ್ಟೆ ಕಟ್ಕಂತಾಳೆ. ಮನೆ ಚಿಂತೆದ್ದು ತೋಳು ಹಚ್ಚೋಳಿಗೆ ಕೊಟ್ವಿ. ಮಗಳ ಸಂಬಂಧ ಮುರಿದು ಬಿದ್ದದೆ ಪಾಪ. ಬರುವಾಗಲೇ ದಣಿದಿರ್ತೇನೆ ಅಂತ ಒಂದಿತ್ತಲ್ಲ, ಅಂಜನಾಪುರದವಳು ನಂದು ನಂದು ಅಂತ ಕಿತ್ಕಂಡ್ಳು. ಗದ್ದೆಗೆ ನೀರು ಕಟ್ಟಿ ಬರ್ತಾಳೆ ಅವ್ಳು.” ನಗುತ್ತಾ ಮುಂದುವರಿಸಿದಳು. “ಹೆಮ್ಮೆದ್ದು ಹೊಸ ಹುಡುಗಿಗೆ ಕೊಟ್ವಿ. ಆವತ್ತೇ ಮೊದ್ಲು ಜೇಬು ಸರಿಯಾಗಿ ಕೂರಿಸಿದ್ಳು. ಮೂವತ್ತಾರು ಸಲ ಪೂರ್ತಿ ಒಪ್ತೇನೆ ಹಾಕಿದ್ಳು, ನಕ್ಕು ನಕ್ಕು. ಪ್ರಶ್ನೆ ಜಾಸ್ತಿ, ಜನ ಕಮ್ಮಿ. ನಾಕು ಜನಕ್ಕೆ ಎರಡೆರಡು ಬಿತ್ತು.”

ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಇಷ್ಟು ವರ್ಷ ಓದಿ, ತಲೆಗೊಂದು ಹಾಳೆ ಕೊಟ್ಟು, ಆ ತಲೆಗಳನ್ನು ಕೂಡಿಸಿ ಕಳೆದು ನಾನು ಹುಡುಕುತ್ತಿದ್ದದ್ದನ್ನು ಇವರು ಎಂಟು ನಿಮಿಷದಲ್ಲಿ ಹಂಚಿಕೊಂಡು ಹೇಳಿಬಿಟ್ಟಿದ್ದರು. ಯಾರಿಗೆ ಯಾವ ನೋವು ಎಂಬುದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

“ನಿಮ್ಮದು ಯಾವುದು?” ಎಂದು ಕೇಳಿದೆ.

“ಕೊನೇದು ಮೇಡಂ, ನಲವತ್ತು. ಅದನ್ನ ಯಾರೂ ಮುಟ್ಲಿಲ್ಲ. ಸರಿ, ನಾನೇ ತಗಂಡೆ.”

ನಲವತ್ತನೆಯ ಪ್ರಶ್ನೆ ನೋಡಲು ನನಗೆ ಹಾಳೆ ಬೇಕಿರಲಿಲ್ಲ. ‘ಮೇಲಿನವರಿಗೆ ನನ್ನ ಮೇಲೆ ನಂಬಿಕೆಯಿದೆ.’ ಮೂವತ್ತಾರು ಹಾಳೆಗಳಲ್ಲೂ ಅದರ ಮುಂದೆ ‘ಪೂರ್ತಿ ಒಪ್ಪುತ್ತೇನೆ’ ಎಂಬ ಚೌಕದಲ್ಲಿ ಒಂದೇ ಅಳತೆಯ ಅಚ್ಚುಕಟ್ಟಾದ ಗುರುತು ಇತ್ತು.

“ನಿಜವಾಗಿ ಹಾಗೆ ಅನ್ನಿಸಿತ್ತಾ?”

“ಆವಾಗ ಅನ್ನಿಸಿತ್ತು ಮೇಡಂ. ಸೂಪರ್‌ವೈಸರ್ ಮಾಡ್ತೀನಿ ಅಂದಿದ್ರಲ್ಲ” ಎಂದು ಚೀಲದ ಹಿಡಿಯನ್ನು ಸರಿಮಾಡಿಕೊಂಡಳು.

ನಿಮ್ಮನ್ನು ಸ್ಟೂಲಿನ ಮೇಲೆ ಕೂರಿಸಿದ್ದು ನಾನೇ ಎಂದು ಅಲ್ಲೇ, ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿಯುವಾಗ ಆಕೆ ಸೀಟಿನ ಕಂಬಿ ಹಿಡಿದು, ಹಲ್ಲು ಕಚ್ಚಿ, ಎರಡು ಸಲ ಪ್ರಯತ್ನ ಮಾಡಿ ಎದ್ದಳು. ಆ ಸ್ಟೂಲು ಸೊಂಟವನ್ನು ಹಿಡಿದುಬಿಟ್ಟಿತ್ತು. “ಈ ವಾರ ನೋಡ್ತೀನಿ ಮೇಡಂ. ಆಗ್ಲಿಲ್ಲ ಅಂದ್ರೆ ಶನಿವಾರಕ್ಕೆ ಬಿಟ್ಟೇಬಿಡ್ತೀನಿ” ಅಂದಳು.

ಮಂಗಳವಾರ ತಲೆನೋವು ಎಂದು ಮನೆಯಲ್ಲೇ ಉಳಿದೆ. ತಲೆನೋವು ಎಲ್ಲಿಂದ ಬರಬೇಕು, ಹೇಡಿತನ ಅಷ್ಟೇ. ತಪ್ಪು ಒಪ್ಪಿಕೊಂಡರೆ ಇದ್ದೊಂದು ದೊಡ್ಡ ಕೆಲಸವೂ ಹೋಗುತ್ತದೆ, ಸೊರಬದಲ್ಲಿ ಮತ್ತೆ ಗಿರಣಿ ಬಾಗಿಲು ತಟ್ಟಬೇಕಾಗುತ್ತದೆ ಎಂದು ಲೆಕ್ಕ ಹಾಕುತ್ತಾ ದಿನವಿಡೀ ಮನೆಯೊಳಗೆ ಸುತ್ತಿದೆ. ಗಂಡ ಸ್ಕೂಲಿನಿಂದ ಬಂದು ಸಂಗತಿಯನ್ನೆಲ್ಲ ಕೇಳಿ, “ಶನಿವಾರಕ್ಕೆ ಎಷ್ಟು ದಿನ ಇದೆ?” ಎಂದು ಮಾತ್ರ ಕೇಳಿದರು. ಅವರ ಮೇಲೂ ರೇಗಿದೆ.

ಬುಧವಾರ ಮ್ಯಾನೇಜರ ಮುಂದೆ ಕೂತು ಎಲ್ಲ ಹೇಳಿದೆ. ಕಟ್ಟು ಕೊಟ್ಟದ್ದು ನಾನು, ಹೇಗೆ ತುಂಬಬೇಕೆಂದು ಹೇಳದೇ ಹೋದದ್ದು ನಾನು, ಆ ಹೆಂಗಸಿನದು ಏನೂ ತಪ್ಪಿಲ್ಲ ಎಂದೆ. ಹಾಳೆಗಳನ್ನು ಮೇಜಿನ ಮೇಲೆ ಹರಡಿ ಅತ್ತಿಗೆ ತೋರಿಸಿದಂತೆಯೇ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಕೊನೆಗೆ, “ಹಂಗಂತ ಬರದ್ ಕೊಡ್ತೀರೇನ್ರೀ? ನಿಮ್ದೇ ತಪ್ಪು ಅಂತ? ಹೆಡ್ ಆಫೀಸಿನವರು ಮುಂದ್ ನಿಮ್ಮನ್ನ ಕರಿಯಂಗಿಲ್ಲ, ಈಗ್ಲೇ ಹೇಳ್ತೀನಿ” ಎಂದರು. ಬರೆದುಕೊಟ್ಟೆ. ಹಿಂದಿನ ಎರಡು ವಾಕ್ಯದ ಹಾಗೆ ಇದು ಸಲೀಸಾಗಿ ಬರಲಿಲ್ಲ, ನಾಲ್ಕು ಸಲ ಹರಿದು ಬರೆದೆ. ಅವರೂ ಕೆಟ್ಟವರಲ್ಲ. ಓದಿ ಮುಗಿಸಿ ತಲೆ ಕೆರೆದುಕೊಂಡು, “ನಾನೂ ಒಂದ್ ಮಾತು ಅಕಿನ್ನ ಕೇಳ್ಬೇಕಿತ್ತು ಬಿಡ್ರೀ” ಅಂದರು.

ಅಲ್ಲಿಂದ ನೇರ ನೂಲು ಕತ್ತರಿಸುವ ಮೇಜಿಗೆ ಹೋದೆ. ನಿಂತೇ ಹೇಳಿದೆ. ಸಾಹೇಬರಿಗೆ ಸಿಟ್ಟು ಬರುವ ಹಾಗೆ ಬರೆದವಳು ನಾನು, ನಾನು ತಪ್ಪು ತಿಳಿದುಕೊಂಡೆ, ಕ್ಷಮಿಸಿ ಎಂದೆ. ಆಕೆ ಕೈಯಲ್ಲಿದ್ದ ಶರ್ಟಿನ ತೋಳಿನ ಎಳೆ ಕತ್ತರಿಸಿ, ಮಡಿಸಿ, ಪಕ್ಕದ ರಾಶಿಯ ಮೇಲೆ ಇಟ್ಟಳು. “ಹಂಗಾ” ಅಂದಳು. ಇನ್ನೊಂದು ಶರ್ಟು ತೆಗೆದುಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರುದಿನ ಬಸ್ಸಿನಲ್ಲಿ ಆಕೆಯ ಚೀಲ ಮೊದಲೇ ಮಡಿಲಲ್ಲಿತ್ತು, ಪಕ್ಕದಲ್ಲಿ ಬೇರೆ ಯಾರೋ ಕೂತಿದ್ದರು. ನಾನು ಶಿಕಾರಿಪುರದವರೆಗೆ ನಿಂತುಕೊಂಡೇ ಹೋದೆ.

ಮುಂದಿನ ತಿಂಗಳು ಆಕೆ ಸೂಪರ್‌ವೈಸರ್ ಆದಳು. ಮ್ಯಾನೇಜರು ಮಾತು ಉಳಿಸಿಕೊಂಡರು. ಫ್ಯಾನೂ ಬಂತು. ಹೆಡ್ ಆಫೀಸಿನವರು ಬೇರೆ ಫ್ಯಾಕ್ಟರಿಗಳಿಗೆ ನನ್ನನ್ನು ಕರೆಯಲಿಲ್ಲ, ಅದೂ ಅವರು ಹೇಳಿದ ಹಾಗೆಯೇ ಆಯಿತು. ಹಿಡಿದ ಕೆಲಸವನ್ನಾದರೂ ನೆಟ್ಟಗೆ ಮುಗಿಸುತ್ತೇನೆ ಎಂದು ಕೇಳಿಕೊಂಡು, ಅದೇ ಲೈನಿನವರನ್ನು ಕ್ಯಾಂಟೀನಿನಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮತ್ತೆ ಪ್ರಶ್ನೆ ಕೇಳಿದೆ. ಈ ಸಲ ಅವಸರವಿಲ್ಲ, ಕಟ್ಟಿಲ್ಲ, ದಾರವಿಲ್ಲ. ಕಾಜದ ಹೆಂಗಸು ಮನೆಯ ಚಿಂತೆಯ ಪ್ರಶ್ನೆ ಬಂದಾಗ, “ಇದು ನಂದಲ್ರೀ, ತೋಳಿನವ್ಳದ್ದು” ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದಳು. ಎಲ್ಲವೂ ನಿಮ್ಮದೇ, ನಿಮಗೂ ಚಿಂತೆ ಇರುತ್ತದಲ್ಲ ಎಂದೆ. ಅದನ್ನು ಯೋಚಿಸಿ ನೋಡಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಗಳಗಳನೆ ಅತ್ತಳು. ಅಂಥ ಮಧ್ಯಾಹ್ನಗಳಲ್ಲಿ ನನಗೆ ನನ್ನ ವಿದ್ಯೆಯ ಮೇಲೆ ಹೋಗಿದ್ದ ಪ್ರೀತಿ ಮತ್ತೆ ಬಂತು. ಒಬ್ಬರ ಮುಂದೆ ಒಬ್ಬರು ಕೂತು ನಿಮಗೆ ಹೇಗಿದೆ ಎಂದು ಕೇಳುವುದಕ್ಕೂ ಬೆಲೆ ಇದೆ. ಕೇಳುವ ಮೊದಲು ಅಪ್ಪ ಹೇಳಿದಂತೆ ಒಂದು ದಿನ ಅವರ ಸಂಗಡ ನಡೆದಿರಬೇಕು, ಅಷ್ಟೇ.

ಕೊನೆಗೆ ಬಂದವಳು ಆಕೆ. ಸೂಪರ್‌ವೈಸರುಗಳ ನೀಲಿ ಕೋಟು ಹಾಕಿದ್ದಳು. ಕೂರಿ ಎಂದರೆ, “ಬೇಡ ಮೇಡಂ, ಕೂತು ಸಾಕಾಗ್ಯದೆ” ಎಂದು ಸಣ್ಣಗೆ ನಕ್ಕು, ನಿಂತೇ ಮೇಜಿಗೆ ಬಗ್ಗಿ ಬರೆಯತೊಡಗಿದಳು. ತಿಂಗಳ ಮೇಲೆ ಆ ನಗು ನೋಡುತ್ತಿದ್ದೆ. ಮೂವತ್ತೊಂಬತ್ತು ಪ್ರಶ್ನೆಗಳಿಗೆ ತಡವರಿಸದೆ ಗುರುತು ಹಾಕಿದಳು. ತಲೆನೋವು ಇಲ್ಲ, ಹೆಮ್ಮೆ ಇದೆ, ಸೊಂಟ ಈಗ ಪರವಾಗಿಲ್ಲ. ಕೊನೆಯದಕ್ಕೆ ಬಂದು ಪೆನ್ನು ನಿಂತಿತು.

“ಮೇಲಿನವ್ರು ಅಂದ್ರೆ ನೀವೂ ಸೇರಿದ್ರಾ ಮೇಡಂ?” ಎಂದು ಕೇಳಿದಳು.

ಹೌದು ಅಂದೆ.

ಆಕೆ ಪೆನ್ನಿನ ಮುಚ್ಚಳ ಹಾಕಿದಳು. ಹಾಳೆಯನ್ನು ಎರಡೂ ಕೈಯಿಂದ ಸರಿಯಾಗಿ ತಿರುಗಿಸಿ ನನ್ನ ಮುಂದೆ ಇಟ್ಟಳು. ಮಾತಿನಲ್ಲಿ ಸಿಟ್ಟು ಇರಲೇ ಇಲ್ಲ.

“ಈ ಸಲ ಇದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಡಂ” ಅಂದಳು. ಲೈನಿನ ಮೆಷಿನ್‌ಗಳು ಶುರುವಾಗಿದ್ದವು. ಆಕೆ ಕೋಟು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಆ ಕಡೆ ನಡೆದುಹೋದಳು.